ಒಂಬತ್ತನೇ ಕಾಲಂ, ಹನ್ನೆರಡನೇ ಕಾಲಂ

ದೀಪಾವಳಿ ರಜೆಯಲ್ಲಿ ನಮ್ಮ ಮನೆಯಲ್ಲೊಂದು ಜಗಳವಾಯಿತು. ಹೊಲದ ಜಗಳ. ಹೊಲ ಅಂದ ಕೂಡಲೇ ಊರಲ್ಲಿರುವ ನೀವು ಬದು ಒತ್ತಿದ್ದು, ನೀರು ತಿರುಗಿಸಿಕೊಂಡಿದ್ದು ಅಂದುಕೊಳ್ಳುತ್ತೀರಿ. ಅದಲ್ಲ. ಈ ಹೊಲ ಶಿಕಾರಿಪುರದ ಕಡೆಯ ನಮ್ಮ ಹಳ್ಳಿಯಲ್ಲೂ ಇಲ್ಲ, ಇಪ್ಪತ್ತು ವರ್ಷದಿಂದ ನಾನು ಅನ್ನ ತಿನ್ನುತ್ತಿರುವ ಪುಣೆಯಲ್ಲೂ ಇಲ್ಲ. ಕಂಪ್ಯೂಟರಿನ ಪರದೆಯ ಮೇಲಿದೆ. ನನ್ನ ಎದುರು ನಿಂತಿದ್ದವಳು ಹದಿನಾಲ್ಕು ವರ್ಷದ ಮಗಳು.

ಅವಳು ಆಡುತ್ತಿದ್ದದ್ದು ‘ಫ್ರೆಂಡ್ಸ್ ಆಫ್ ಮಿನರಲ್ ಟೌನ್’ ಎಂಬ ಬೇಸಾಯದ ಆಟ. 2003ರಲ್ಲಿ ಬಂದ ಹಳೆಯದಲ್ಲ, 2019ರಲ್ಲಿ ಹೊಸದಾಗಿ ಕಟ್ಟಿ ಬಿಟ್ಟದ್ದು. ಹಳೆಯದು ನನ್ನದು. ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ಜನ ಹಂಚಿಕೊಂಡಿದ್ದ ರೂಮಿಗೆ ಸಾತಾರಾ ಕಡೆಯ ಹುಡುಗನೊಬ್ಬ ಅದನ್ನು ಸಿಡಿಯಲ್ಲಿ ತಂದಿದ್ದ. ಸಿಡಿ ಅಸಲಿಯೋ ನಕಲಿಯೋ ಎಂದು ಕೇಳಬೇಡಿ, ಆ ಕಾಲದಲ್ಲಿ ನಾವೂ ಕೇಳುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಆಫೀಸಿನಿಂದ ಬಂದು, ಮೆಸ್ಸಿನ ತಣ್ಣಗಿನ ಚಪಾತಿ ತಿಂದು, ಟರ್ನಿಪ್ಪಿಗೆ ನೀರು ಹಾಕಿ ಮಲಗುತ್ತಿದ್ದೆ. ಟರ್ನಿಪ್ ಎಂಬ ಗೆಡ್ಡೆಯನ್ನು ನಮ್ಮೂರಲ್ಲಿ ಕಂಡವನಲ್ಲ. ಆದರೂ ಅದು ನಮ್ಮೂರೇ ಅನ್ನಿಸುತ್ತಿತ್ತು. ಗಾಳಿಮಳೆ ಬಂದರೆ ಬೆಳೆ ಹೋಗುತ್ತಿತ್ತು. ದನಕ್ಕೆ ಮೇವು ಹಾಕದೆ ಮರೆತರೆ ಕಾಯಿಲೆ ಬೀಳುತ್ತಿತ್ತು, ಸಾಯಲೂಬಹುದಿತ್ತು. ಇದಪ್ಪಾ ಬೇಸಾಯ ಅಂದುಕೊಂಡಿದ್ದೆ.

ಮಗಳ ಪರದೆಯಲ್ಲಿ ನೋಡಿದರೆ ಸ್ಟ್ರಾಬೆರಿ ಹಾಲು ಕೊಡುವ ಹಸು! ಸುಳ್ಳಲ್ಲ, ಹೊಸ ಆಟದಲ್ಲಿ ಅಂಥದ್ದೊಂದು ತಳಿ ಇದೆ. ಕಾಫಿ ಹಾಲು ಕೊಡುವುದೂ ಇದೆ. ನನಗೆ ತಡೆಯಲಾಗಲಿಲ್ಲ. “ಇದೆಂಥ ಹಸುವೇ? ಹಳೇ ಆಟ ನೋಡ್ಬೇಕಿತ್ತು ನೀನು. ಅದು ನಿಜವಾದ ಬೇಸಾಯ. ಇದನ್ನ ಮಕ್ಕಳ ಐಸ್‌ಕ್ರೀಂ ಅಂಗಡಿ ಮಾಡಿ ಇಟ್ಟಿದಾರೆ” ಎಂದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಅಪ್ಪಾ, ನೀನು ಕೊನೇ ಸಲ ನಿಜವಾದ ಹಸು ಹಾಲು ಕರೆದಿದ್ದು ಯಾವಾಗ?”

ಉತ್ತರ ನನ್ನ ಹತ್ತಿರ ಇರಲಿಲ್ಲ. ಆದರೆ ಪ್ರಶ್ನೆ ಆಟದ ಕುರಿತದ್ದಷ್ಟೇ ಅಲ್ಲ ಎಂದು ಆಮೇಲೆ ಹೊಳೆಯಿತು. ಅದಕ್ಕೇ ಈ ಲೇಖನ.

ಈ ಆಟಗಳನ್ನು ನೋಡದವರಿಗೆ ಎರಡು ಮಾತು. ಇವುಗಳ ಮೂಲಪುರುಷ ಯಾಸುಹಿರೋ ವಾಡಾ. ಜಪಾನಿನ ಕ್ಯೂಶು ದ್ವೀಪದ ಮಿಯಾಝಾಕಿ ಸೀಮೆಯ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೋಗೆ ಬಂದವರು. ಊರಲ್ಲಿದ್ದಾಗ ಇಲ್ಲಿಂದ ಯಾವಾಗ ಹೊರಬೀಳುತ್ತೇನೋ ಅನ್ನಿಸಿತ್ತಂತೆ. ಮಹಾನಗರಕ್ಕೆ ಬಂದ ಮೇಲೆ ಊರಿನ ಬೆಲೆ ತಿಳಿಯಿತಂತೆ. ನಮ್ಮ ಕಥೆಯೇ ಅಲ್ಲವೆ? 1996ರ ಆಗಸ್ಟಿನಲ್ಲಿ ಅವರ ‘ಬೊಕುಜೋ ಮೊನೊಗತಾರಿ’ ಬಂತು. ದನಕರು ಸಾಕುವ ಜಮೀನಿನ ಕಥೆ ಎಂದು ಅರ್ಥ. ಗುಂಡು ಹಾರಿಸುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಅಜ್ಜನ ಪಾಳು ಜಮೀನು, ನೀನೊಬ್ಬ, ಒಂದು ಗುದ್ದಲಿ. ಎರಡೂವರೆ ವರ್ಷ ಕಳೆದ ಮೇಲೆ ಅಪ್ಪ ಅಮ್ಮ ಬಂದು ನೋಡುತ್ತಾರೆ, ಮಗ ಏನು ಮಾಡಿದ್ದಾನೆ ಅಂತ. ಅಲ್ಲಿಗೆ ಆಟ ಮುಗಿಯಿತು. ಮರುವರ್ಷ ನಾತ್ಸುಮೆ ಎಂಬ ಕಂಪನಿ ಅದನ್ನು ‘ಹಾರ್ವೆಸ್ಟ್ ಮೂನ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಒಯ್ದಿತು.

ಅಲ್ಲಿಂದ ಮುಂದೆ ಆಟ ಬದಲಾಗುತ್ತಲೇ ಬಂತು; ಬದಲಾದ ಹಾಗೆಲ್ಲ ಅಭಿಮಾನಿಗಳು ಒಡೆಯುತ್ತಲೇ ಬಂದರು. ‘ಬ್ಯಾಕ್ ಟು ನೇಚರ್’ನಲ್ಲಿ ಗಡುವು ಮೂರು ವರ್ಷವಾಯಿತು, ತೀರ್ಪು ಊರವರದಾಯಿತು. ನಾನಾಡಿದ ಆಟದಲ್ಲಿ ಗಡುವೇ ಇರಲಿಲ್ಲ, ಬೇಕಾದಷ್ಟು ವರ್ಷ ಉಳಬಹುದಿತ್ತು. ಗಡುವು ಹೋದದ್ದು ಕೆಲವರಿಗೆ ನೆಮ್ಮದಿ. ಅಪ್ಪ ಅಮ್ಮ ಬಂದು ನೋಡದಿದ್ದರೆ ಉಳುವುದು ಯಾರಿಗಾಗಿ ಎಂದು ಉಳಿದವರ ತಕರಾರು. ‘ಎ ವಂಡರ್‌ಫುಲ್ ಲೈಫ್’ ಎಂಬ ಇನ್ನೊಂದರಲ್ಲಿ ನಾಯಕ ಮದುವೆಯಾಗಿ, ಮಗು ಬೆಳೆದು, ತಾನು ಮುದುಕನಾಗಿ ಸಾಯುತ್ತಾನೆ. ಅದನ್ನು ಎದೆಗೆ ಒತ್ತಿಕೊಂಡವರಿದ್ದಾರೆ, ಆಟದಲ್ಲೂ ಸಾವೇಕೆ ಎಂದು ದೂರ ಇಟ್ಟವರಿದ್ದಾರೆ. ಗುದ್ದಲಿ ಬೀಸಿ ಸುಸ್ತಾಗಬೇಕು ಎನ್ನುವ ಪಂಗಡ, ಆಫೀಸಿನಲ್ಲಿ ಸುಸ್ತಾಗಿದ್ದು ಸಾಲದೆ ಎನ್ನುವ ಪಂಗಡ. 2019ರ ಹೊಸ ರೂಪದಲ್ಲಿ ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಕೂಡಬಹುದೆಂದಾದಾಗ ಅದಕ್ಕೂ ಎರಡು ಪಂಗಡ.

ನಾನು ಯಾವ ಪಂಗಡ ಅಂತ ಹೇಳಬೇಕಾಗಿಲ್ಲ. ಹಳೆಯದೇ ಸರಿ ಎನ್ನುವವರ ಜಾಥಾದಲ್ಲಿ ಬಾವುಟ ಹಿಡಿದವನು ನಾನು. ಆದರೆ ಈ ಜಾಥಾದ ಒಂದು ಗುಟ್ಟು ಹೇಳಿಬಿಡುತ್ತೇನೆ. 1996ರದ್ದನ್ನು ಆಡಿದವನಿಗೆ ನಾನಾಡಿದ 2003ರದ್ದು ಮಕ್ಕಳಾಟ, ಗಡುವಿಲ್ಲದ ಸೋಮಾರಿ ಬೇಸಾಯ. ನನಗೆ 2019ರದ್ದು ಮಕ್ಕಳಾಟ. ಇನ್ನು ಹದಿನೈದು ವರ್ಷ ಹೋದರೆ ನನ್ನ ಮಗಳು ತನ್ನ ಮಗುವಿನ ಪರದೆ ನೋಡಿ, ಸ್ಟ್ರಾಬೆರಿ ಹಸುವಿನ ಕಾಲ ಎಂಥ ಕಾಲವಪ್ಪಾ ಎಂದು ನಿಟ್ಟುಸಿರು ಬಿಡುತ್ತಾಳೆ. ಅಂದರೆ ನಾವು ಕಾಯುತ್ತಿರುವುದು ಬೇಸಾಯವನ್ನಲ್ಲ ಸ್ವಾಮಿ, ನಮ್ಮ ಇಪ್ಪತ್ತಮೂರನೇ ವಯಸ್ಸನ್ನು. ಅದಕ್ಕೆ ‘ಅಸಲಿ’ ಎಂಬ ಹೆಸರು ಕೊಟ್ಟಿದ್ದೇವೆ, ಅಷ್ಟೆ.

ಹಾಗಾದರೆ ಈ ಆಟಗಳ ವಿಷಯದಲ್ಲಿ ಜಗಳವಾಡುವಂಥದ್ದು ಏನೂ ಇಲ್ಲವೆ? ಇದೆ. ನಾವು ಹಸುವಿನ ಬಣ್ಣಕ್ಕೆ ಕಿತ್ತಾಡುತ್ತಿದ್ದಾಗ ನಡೆದುಹೋದದ್ದು ಬೇರೆ.

2014ರವರೆಗೆ ಜಪಾನಿನಲ್ಲಿ ಆಟ ಕಟ್ಟುತ್ತಿದ್ದವರು ಮಾರ್ವೆಲಸ್ ಎಂಬ ಕಂಪನಿಯವರು, ಅಮೆರಿಕದಲ್ಲಿ ಹಂಚುತ್ತಿದ್ದವರು ನಾತ್ಸುಮೆಯವರು. ಆಮೇಲೆ ಇಬ್ಬರೂ ಬೇರೆಯಾದರು. ಕಟ್ಟುವವರು ತಮ್ಮದೇ ಅಂಗಸಂಸ್ಥೆಯ ಮೂಲಕ ಮಾರಲು ಹೊರಟರು. ಆಗ ತಿಳಿಯಿತು, ‘ಹಾರ್ವೆಸ್ಟ್ ಮೂನ್’ ಎಂಬ ಹೆಸರು ಕಟ್ಟಿದವರದ್ದಲ್ಲ, ಹಂಚಿದವರದ್ದು. ಹದಿನೇಳು ವರ್ಷ ಉತ್ತು ಬಿತ್ತಿದವರು ಹೆಸರನ್ನು ಅಲ್ಲೇ ಬಿಟ್ಟು ‘ಸ್ಟೋರಿ ಆಫ್ ಸೀಸನ್ಸ್’ ಎಂಬ ಹೊಸ ಬೋರ್ಡು ಹಾಕಿಕೊಂಡರು. ಹೆಸರು ಉಳಿಸಿಕೊಂಡವರು ಅದೇ 2014ರ ನವೆಂಬರಿನಲ್ಲಿ ‘ಹಾರ್ವೆಸ್ಟ್ ಮೂನ್: ದ ಲಾಸ್ಟ್ ವ್ಯಾಲಿ’ ಎಂದು ತಮ್ಮದೇ ಬೇರೊಂದು ಆಟ ತಂದರು. ಜಪಾನಿನಲ್ಲಿ ಏನೂ ಆಗಲಿಲ್ಲ, ಅಲ್ಲಿ ಅದು ಮೊದಲಿನ ಹಾಗೇ ಬೊಕುಜೋ ಮೊನೊಗತಾರಿ. ಹೊರಗಿನ ಅಭಿಮಾನಿ ಮಾತ್ರ ಅಂಗಡಿಯಲ್ಲಿ ಎರಡು ಡಬ್ಬಿ ಮುಂದಿಟ್ಟುಕೊಂಡು ತಲೆ ಕೆರೆದುಕೊಂಡ. ಒಂದರಲ್ಲಿ ಗೊತ್ತಿರುವ ಹೆಸರು, ಇನ್ನೊಂದರಲ್ಲಿ ಗೊತ್ತಿರುವ ಹೊಲ.

ಕಾನೂನಿನ ಪ್ರಕಾರ ಇದರಲ್ಲಿ ಯಾರದೂ ತಪ್ಪಿಲ್ಲ. ಆದರೆ ಇದನ್ನು ಅರ್ಥ ಮಾಡಿಕೊಳ್ಳಲು ಕನ್ನಡಿಗನಿಗೆ ಅಮೆರಿಕದ ವಕೀಲ ಬೇಕಾಗಿಲ್ಲ. ಮನೆಯಲ್ಲಿರುವ ಪಹಣಿ ತೆಗೆದು ನೋಡಿ. ಒಂಬತ್ತನೇ ಕಾಲಮ್ಮಿನಲ್ಲಿ ಒಡೆಯನ ಹೆಸರು. ಹನ್ನೆರಡನೇ ಕಾಲಮ್ಮಿನಲ್ಲಿ ಸಾಗುವಳಿ ಮಾಡುವವನ ಹೆಸರು. ಎರಡೂ ಒಂದೇ ಆಗಿದ್ದರೆ ಚಿಂತೆಯಿಲ್ಲ. ಬೇರೆ ಬೇರೆ ಆದ ದಿನ ನೋಡಿ, ಹೊಲ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ.

ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ನಮ್ಮದು. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತರು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯ ಎಂದಾಯಿತು. ನನ್ನ ಅಜ್ಜ ಗೇಣಿದಾರ. ಪೇಟೆಯಲ್ಲಿದ್ದ ಒಡೆಯರಿಗೆ ವರ್ಷವರ್ಷ ಭತ್ತ ಅಳೆದು ಬರುತ್ತಿದ್ದವನು ಡಿಕ್ಲರೇಷನ್ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ಕೈಕಟ್ಟಿ ನಿಂತು ಜಮೀನು ಪಡೆದ. ನಾನು ಓದಿದ್ದು, ಪುಣೆಗೆ ಬಂದದ್ದು ಎಲ್ಲ ಆ ಭತ್ತದಲ್ಲೇ. ಈ ಮಾತನ್ನು ನೆನಪಿಡಿ, ಮತ್ತೆ ಬರುತ್ತೇನೆ.

ಆಟದ ಲೋಕದಲ್ಲಿ ಒಡೆತನದ ಇನ್ನೊಂದು ಪಾಠವೂ ಆಯಿತು. 2009ರ ಜೂನ್‌ನಲ್ಲಿ ಫೇಸ್‌ಬುಕ್ಕಿನೊಳಗೆ ಫಾರ್ಮ್‌ವಿಲ್ ಬಂತು. 2010ರ ಹೊತ್ತಿಗೆ ತಿಂಗಳಿಗೆ ಎಂಟು ಕೋಟಿ ಜನ ಅಲ್ಲಿ ಉಳುತ್ತಿದ್ದರು. ನಮ್ಮ ಆಫೀಸಿನಲ್ಲಿ ಬೆಂಗಳೂರಿನವರು, ಇಂದೋರಿನವರು, ಕೊಲ್ಲಾಪುರದವರು ಎಲ್ಲರೂ ಅಕ್ಕಪಕ್ಕದ ಹೊಲದವರು. ಬಿತ್ತಿದ ಸ್ಟ್ರಾಬೆರಿ ನಾಲ್ಕು ಗಂಟೆಯಲ್ಲಿ ಕೊಯ್ಲಿಗೆ ಬರುತ್ತಿತ್ತು, ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬಾಡಿಹೋಗುತ್ತಿತ್ತು. ಅಲಾರಂ ಇಟ್ಟುಕೊಂಡು ರಾತ್ರಿ ಎರಡಕ್ಕೆ ಎದ್ದಿದ್ದೇನೆ. ಅದೇ ವರ್ಷ ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಊರಿಗೆ ಬಾ ಎಂದು ಅಪ್ಪ ಫೋನ್ ಮಾಡಿದಾಗ ರಜೆ ಸಿಗಲ್ಲ ಅಂದಿದ್ದೇನೆ. ಹಳೆಯ ಆಟದಲ್ಲಿ ಕಾಲ ನಿಮ್ಮದಾಗಿತ್ತು, ಆಟ ಮುಚ್ಚಿದರೆ ಹೊಲವೂ ಮಲಗುತ್ತಿತ್ತು. ಇಲ್ಲಿ ಕಾಲ ಕಂಪನಿಯ ಕೈಗೆ ಹೋಯಿತು. ಕಾಯಲಾಗದಿದ್ದರೆ ದುಡ್ಡು ಕೊಡು ಎಂಬ ಹೊಸ ಗೇಣಿ ಬಂತು. 2020ರ ಡಿಸೆಂಬರ್ 31ಕ್ಕೆ, ಅದು ನಿಂತಿದ್ದ ಫ್ಲ್ಯಾಶ್ ತಂತ್ರಾಂಶವೇ ಕೊನೆಯಾದ್ದರಿಂದ, ಆಟವನ್ನು ಮುಚ್ಚಿದರು. ಅಷ್ಟೂ ಹೊಲ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಉತ್ತವರು ಕೋಟಿಗಟ್ಟಲೆ, ಒಂಬತ್ತನೇ ಕಾಲಂ ಮಾತ್ರ ಒಬ್ಬರದ್ದು.

ಇನ್ನು ಮೂರನೆಯ ದಾರಿ ಹಿಡಿದವನ ಕಥೆ ಕೇಳಿ. ಅಮೆರಿಕದ ಎರಿಕ್ ಬರೋನ್ ಎಂಬ ಹುಡುಗ ನನ್ನ ಹಾಗೇ ಹಾರ್ವೆಸ್ಟ್ ಮೂನ್ ಅಭಿಮಾನಿ, ನನ್ನ ಹಾಗೇ ಗೊಣಗುವವನು. ‘ಬ್ಯಾಕ್ ಟು ನೇಚರ್’ ಆದ ಮೇಲೆ ಬಂದ ಆಟಗಳು ಕೆಡುತ್ತಾ ಹೋದವು ಎಂಬುದು ಅವನ ದೂರು. ಆದರೆ ಗೊಣಗಿ ಕೂರಲಿಲ್ಲ. ಸಂಜೆ ಸಿಯಾಟಲ್‌ನ ಒಂದು ಥಿಯೇಟರಿನಲ್ಲಿ ಪ್ರೇಕ್ಷಕರನ್ನು ಸೀಟಿಗೆ ಕೂರಿಸುವ ಕೆಲಸ ಮಾಡುತ್ತಾ, ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ಕೂತು ಚಿತ್ರ, ಸಂಗೀತ, ಮಾತು, ಲೆಕ್ಕ ಎಲ್ಲ ತಾನೇ ಮಾಡಿ 2016ರ ಫೆಬ್ರುವರಿಯಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ತಂದ. ನಾಯಕ ದೊಡ್ಡ ಕಂಪನಿಯ ಗೂಡಿನಂಥ ಮೇಜಿನಲ್ಲಿ ಕೊಳೆಯುತ್ತಿರುತ್ತಾನೆ. ಅಜ್ಜ ಕೊಟ್ಟಿದ್ದ ಕಾಗದ ಒಡೆದು ಓದಿ, ಅಜ್ಜನ ಜಮೀನಿಗೆ ಹೊರಡುತ್ತಾನೆ. ಹಿಂಜವಡಿಯ ನನ್ನ ಮೇಜನ್ನೇ ಬಂದು ನೋಡಿ ಬರೆದ ಹಾಗಿತ್ತು. 2024ರ ಕೊನೆಗೆ ಅದರ ಪ್ರತಿಗಳು ನಾಲ್ಕು ಕೋಟಿಗೂ ಮೀರಿ ಹೋಗಿದ್ದವು.

ತಮಾಷೆ ಏನೆಂದರೆ, ಹಳೆಯದನ್ನು ಉಳಿಸಲು ಹೊರಟವನು ಮಾಡಿದ್ದೆಲ್ಲ ಹೊಸದೇ. ಆಮೇಲೂ ಸುಮ್ಮನಿರಲಿಲ್ಲ. 2016ರಲ್ಲೇ ಮದುವೆಯಾಗಲು ಇಬ್ಬರನ್ನು ಸೇರಿಸಿದ, 2018ರಲ್ಲಿ ನಾಲ್ಕಾರು ಜನ ಕೂಡಿ ಆಡುವಂತೆ ಮಾಡಿದ, 2020ರಲ್ಲಿ ಹೊಸದೊಂದು ದ್ವೀಪ ಕೊಟ್ಟ, 2024ರಲ್ಲಿ ಮತ್ತೆ ದೊಡ್ಡ ಬದಲಾವಣೆ ತಂದ. ಎಲ್ಲ ಪುಕ್ಕಟೆ. ಈಗ ಅವನ ಅಭಿಮಾನಿಗಳಲ್ಲೂ ಪಂಗಡಗಳು. ಮೊದಲಿನ ಪುಟ್ಟ ಊರೇ ಚೆನ್ನಾಗಿತ್ತು ಎನ್ನುವವರು, ಇನ್ನೂ ಬೇಕು ಎನ್ನುವವರು. ಹೊಲದ ತುಂಬ ‘ಪುರಾತನ ಹಣ್ಣು’ ಎಂಬ ಒಂದೇ ಬೆಳೆ ಹಾಕಿ ವೈನ್ ಇಳಿಸಿ ಚಿನ್ನ ಎಣಿಸುವವರು. ಅವರನ್ನು ನೋಡಿ ಇದು ಬೇಸಾಯವೋ ಕಾರ್ಖಾನೆಯೋ ಎಂದು ಮೂಗು ಮುರಿಯುವವರು. ನಡೆಯಲಿ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಬದಲಾವಣೆ ಸರಿಯಿಲ್ಲ ಎಂದವನು ತಾನೇ ನೊಗ ಹೊತ್ತ. ಅವನಿಗೆ ಮಾತಾಡುವ ಹಕ್ಕಿದೆ.

ಹಾಗೆ ನೊಗ ಹೊತ್ತವರು ಟ್ರ್ಯಾಕ್ಟರಿನ ಆಟದಲ್ಲೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್‌ನವರ ‘ಫಾರ್ಮಿಂಗ್ ಸಿಮ್ಯುಲೇಟರ್’ 2008ರಲ್ಲಿ ಶುರುವಾಯಿತು. ಅದರಲ್ಲಿ ಊರ ಹಬ್ಬ, ಮದುವೆ ಏನಿಲ್ಲ, ಬರೀ ಯಂತ್ರ. ವರ್ಷಗಟ್ಟಲೆ ಅಲ್ಲಿ ಋತುವೇ ಇರಲಿಲ್ಲ, ಯಾವಾಗ ಬೇಕಾದರೂ ಏನು ಬೇಕಾದರೂ ಬಿತ್ತಬಹುದಿತ್ತು. ಇದೆಂಥ ಬೇಸಾಯ ಎಂದ ಅಭಿಮಾನಿಗಳಲ್ಲಿ ಕೆಲವರು ಕೂತು ಋತುಚಕ್ರವನ್ನು ತಾವೇ ಬರೆದು ಆಟಕ್ಕೆ ಜೋಡಿಸಿದರು. ಕೊನೆಗೆ 2021ರ ಆವೃತ್ತಿಯಲ್ಲಿ ಕಂಪನಿಯೇ ಋತುಗಳನ್ನು ತಂದಿತು. ಬೇಡದವರಿಗೆ ನಿಲ್ಲಿಸುವ ಗುಂಡಿಯನ್ನೂ ಇಟ್ಟಿತು! 2024ರ ನವೆಂಬರಿನಲ್ಲಿ ಬಂದದ್ದರಲ್ಲಿ ಭತ್ತದ ಗದ್ದೆಯಿದೆ, ಎಮ್ಮೆ ಇದೆ.

ಅದನ್ನು ನನಗೆ ತೋರಿಸಿದವನು ಊರಲ್ಲಿರುವ ನನ್ನ ತಮ್ಮನ ಮಗ, ಪಿಯುಸಿ ಹುಡುಗ. ಅವತ್ತು ನೀರು ತುಂಬಿದ ಗದ್ದೆಯಲ್ಲಿ ಯಂತ್ರ ನಾಟಿ ಮಾಡುವುದನ್ನು ನೋಡುತ್ತಾ ನನ್ನ ಕಣ್ಣು ತೇವವಾಯಿತು. ತಮ್ಮ ಹಿಂದೆ ನಿಂತು ನೋಡುತ್ತಿದ್ದ. ಹುಡುಗ ಒಂದು ಕೀಲಿ ಒತ್ತಿದ, ಆಳು ಬಂದು ಟ್ರ್ಯಾಕ್ಟರ್ ಹತ್ತಿ ಕೂತ, ಹಗಲು ರಾತ್ರಿ ಉಳುತ್ತಾ ಹೋದ. ತಮ್ಮ ನಕ್ಕುಬಿಟ್ಟ. “ಅಣ್ಣಾ, ಪುಣೇಲಿ ಸಿಕ್ರೆ ಆ ಕೀಲಿ ಒಂದು ನಮಗೂ ಕೊಡ್ಸು ಮಾರಾಯ” ಎಂದ.

ಆ ನಗುವಿನ ಹಿಂದೆ ಒಂದು ಲೆಕ್ಕ ಇತ್ತು. ಈಗ ಅಜ್ಜನ ಜಮೀನಿಗೆ ಬರುತ್ತೇನೆ.

ಅಪ್ಪ ಹೋದ ಮೇಲೆ ಪೌತಿ ಖಾತೆಯಾಗಿ ಪಹಣಿಯಲ್ಲಿ ನಮ್ಮಿಬ್ಬರ ಹೆಸರೂ ಜಂಟಿಯಾಗಿ ಬಂತು. ಉಳುವವನು ಅವನೊಬ್ಬನೇ. ನಾಟಿಗೆ ಜನ ಸಿಗುತ್ತಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಪೂರೈಸುವುದಿಲ್ಲ, ಗದ್ದೆಯನ್ನು ಅಡಿಕೆ ತೋಟ ಮಾಡುತ್ತೇನೆ ಎಂದ 2022ರಲ್ಲಿ. ಅದಕ್ಕೆ ಸಾಲ ತೆಗೆಯಬೇಕು, ಸಾಲಕ್ಕೆ ನನ್ನ ಸಹಿ ಬೇಕು. ನಾನು ಪುಣೆಯಲ್ಲಿ ಕೂತು ಭಾಷಣ ಮಾಡಿದೆ. ಅಜ್ಜನ ಗದ್ದೆ, ಅನ್ನದ ಗದ್ದೆ, ಬೋರು ಕೊರೆದು ಅಂತರ್ಜಲ ಬತ್ತಿಸುತ್ತೀಯ, ಎಲ್ಲರೂ ಅಡಿಕೆ ಹಾಕಿದರೆ ನಾಳೆ ರೇಟು ಬಿದ್ದಾಗ ಏನು ಮಾಡ್ತೀಯ. ಒಂದೂ ಸುಳ್ಳು ಮಾತಲ್ಲ. ಆದರೆ ಆ ಮಾತಿನ ಅಡಿಯಲ್ಲಿದ್ದದ್ದು ಅಂತರ್ಜಲವೂ ಅಲ್ಲ, ಅನ್ನವೂ ಅಲ್ಲ. ಯುಗಾದಿಗೋ ದೀಪಾವಳಿಗೋ ಎರಡು ದಿನ ಹೋದಾಗ ಬದುವಿನ ಮೇಲೆ ನಿಂತು ನೋಡಲು ಹಸಿರು ಗದ್ದೆ ಇರಬೇಕು ಎಂಬ ಆಸೆ. ‘ಹಳೆಯ ಆಟವೇ ನಿಜವಾದ ಆಟ.’ ಸಹಿ ಇವತ್ತು ನಾಳೆ ಎಂದು ತಳ್ಳಿದೆ. ಒಂದು ಮಳೆಗಾಲ ಹೋಯಿತು. ಸಸಿಗೆ ಕೊಟ್ಟಿದ್ದ ಮುಂಗಡವೂ ಹೋಯಿತು. ತಮ್ಮ ಬೈಯಲಿಲ್ಲ. “ಇರ್ಲಿ ಬಿಡಣ್ಣ, ನಿನ್ನ ಹೆಸರೂ ಐತಲ್ಲ” ಎಂದ. ಬೈದಿದ್ದರೆ ಚೆನ್ನಾಗಿತ್ತು.

ಮಗಳ ಪ್ರಶ್ನೆ ಬಂದಾಗ ನನಗೆ ಕಣ್ಣೆದುರು ಬಂದದ್ದು ಇದೇ. ನಾತ್ಸುಮೆಯವರನ್ನು ಇಷ್ಟು ವರ್ಷ ಆಡಿಕೊಂಡವನು ನಾನು. ಹೊಲ ಕಟ್ಟಿದವರು ಹೊರಗೆ, ಹೆಸರು ಇಟ್ಟುಕೊಂಡವರು ಒಳಗೆ, ಇದೆಂಥ ನ್ಯಾಯ ಎಂದು ಸ್ನೇಹಿತರ ಮುಂದೆ ಮೇಜು ಕುಟ್ಟಿದವನು. ನೋಡಿದರೆ ಒಂಬತ್ತನೇ ಕಾಲಮ್ಮಿನಲ್ಲಿ ಕಾಲು ಚಾಚಿ ಮಲಗಿದವನು ನಾನೇ. ಅಜ್ಜ ಭತ್ತ ಅಳೆದು ಕೊಡುತ್ತಿದ್ದ ಪೇಟೆಯ ಒಡೆಯರ ಜಾಗದಲ್ಲಿ, ಎರಡು ತಲೆಮಾರು ಕಳೆದ ಮೇಲೆ, ಅವನ ಮೊಮ್ಮಗನೇ ಕೂತಿದ್ದಾನೆ. ಆ ಒಡೆಯರು ಗೇಣಿ ಕೇಳಿದರು. ನಾನು ದೃಶ್ಯ ಕೇಳುತ್ತಿದ್ದೇನೆ. ಯಾವುದು ದುಬಾರಿಯೋ ತಮ್ಮನೇ ಹೇಳಬೇಕು.

ಹಾಗಂತ ಬದಲಾದದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಸ್ಟ್ರಾಬೆರಿ ಹಾಲಿನ ಹಸು ನನಗೆ ಈಗಲೂ ಸೇರುವುದಿಲ್ಲ. ಅಡಿಕೆಯ ಬಗ್ಗೆ ನನಗಿರುವ ಭಯವೂ ಹೋಗಿಲ್ಲ. ಫಸಲು ಕೈಗೆ ಬರಲು ಐದಾರು ವರ್ಷ ಬೇಕು, ಅಷ್ಟರಲ್ಲಿ ಮಳೆ ಏನಾಗುತ್ತದೋ ರೇಟು ಏನಾಗುತ್ತದೋ. ತಮ್ಮನ ಲೆಕ್ಕ ತಪ್ಪಬಹುದು. ಆದರೆ ತಪ್ಪು ಮಾಡುವ ಹಕ್ಕೂ ಉಳುವವನದ್ದೇ, ಏಕೆಂದರೆ ದಂಡ ಕಟ್ಟುವವನೂ ಅವನೇ. ಆಟದ ಲೋಕದಲ್ಲೂ ಇಷ್ಟೇ ನನ್ನ ವಾದ. ಬದಲಾವಣೆ ಬೇಡವೆ? ಬರೋನ್ ಹಾಗೆ ಹೊಸ ಹೊಲ ಕಡಿ. ಋತುಚಕ್ರ ಜೋಡಿಸಿದವರ ಹಾಗೆ ಕೈ ಹಾಕು. ಅದೂ ಆಗದಿದ್ದರೆ ನಿನ್ನ ಹಳೆಯ ಸಿಡಿಯನ್ನು ಹಾಕಿಕೊಂಡು ನೆಮ್ಮದಿಯಾಗಿ ಟರ್ನಿಪ್ಪಿಗೆ ನೀರು ಬಿಡು, ಯಾರೂ ಬೇಡ ಅನ್ನುವುದಿಲ್ಲ. ಇಪ್ಪತ್ತು ವರ್ಷ ಆಟ ಮುಟ್ಟದೆ, ಬದುವಿನ ಮೇಲೆ ನಿಂತು, ಉಳುವವನ ಕೈ ಮಾತ್ರ ಹಿಡಿಯಬೇಡ. ಜಗಳವೇ ಬೇಕೆಂದಿದ್ದರೆ ಒಂಬತ್ತನೇ ಕಾಲಮ್ಮಿಗೆ ಆಡು. ನಾವು ಬೆವರು ಸುರಿಸಿ ಕಟ್ಟಿದ ಹೊಲವನ್ನು ಒಂದು ಗುಂಡಿ ಒತ್ತಿ ಅಳಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳು. ಆ ಜಗಳಕ್ಕೆ ಯಾವ ಪಂಗಡದವರೂ ಬರಲಿಲ್ಲ, ನಾನೂ ಸೇರಿ.

ಊರಲ್ಲಿರುವ ನಿಮಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಪುಣೆಯಿಂದ, ಮುಂಬಯಿಯಿಂದ, ಹೈದರಾಬಾದಿನಿಂದ ನಿಮಗೆ ಫೋನು ಬರುತ್ತಿರುತ್ತದೆ. ಹಂಚಿನ ಮನೆ ಕೆಡವಬೇಡ, ಕೊಟ್ಟಿಗೆ ಹಾಗೇ ಇರಲಿ, ಎತ್ತು ಮಾರಬೇಡ, ಊರು ಕೆಟ್ಟುಹೋಯಿತು. ಪರವೂರಿನಲ್ಲಿರುವ ನಾವು ದುಡ್ಡು ಕಳಿಸುತ್ತೇವೆ, ಓದಿದವರು ಬೇರೆ, ಹಾಗಾಗಿ ನಮ್ಮ ಮಾತಿಗೆ ನೀವು ಸ್ವಲ್ಪ ಹೆಚ್ಚೇ ತೂಕ ಕೊಡುತ್ತೀರಿ. ಕೊಡಬೇಡಿ. ನಮ್ಮ ದುಃಖ ನಿಜ, ಅದನ್ನು ಕೇಳಿಸಿಕೊಳ್ಳಿ, ಹಬ್ಬಕ್ಕೆ ಬಂದಾಗ ಒಂದು ತುತ್ತು ಹೆಚ್ಚು ಬಡಿಸಿ. ಆದರೆ ಅದನ್ನು ಸಲಹೆ ಎಂದು ತಿಳಿಯಬೇಡಿ. ನಾವು ಕಾಪಾಡು ಎನ್ನುತ್ತಿರುವ ಊರು ನೀವಿರುವ ಊರಲ್ಲ, ನಾವು ಬಸ್ಸು ಹತ್ತಿದ ದಿನ ಕಂಡ ಊರು.

ಸಾಲದ ಕಾಗದಕ್ಕೆ ನಾನು 2023ರಲ್ಲಿ ಸಹಿ ಹಾಕಿದೆ. ಸಸಿ ನಿಂತಿವೆ. ಹಕ್ಕು ಬಿಡುಗಡೆ ಪತ್ರಕ್ಕೆ ಇನ್ನೂ ಹಾಕಿಲ್ಲ. ದೊಡ್ಡ ಮಾತು ಆಡಿದವನು ಇದನ್ನು ಮುಚ್ಚಿಡಬಾರದು. ರಾತ್ರಿ ಒಮ್ಮೊಮ್ಮೆ ಮೊಬೈಲಿನಲ್ಲಿ ಪಹಣಿ ತೆಗೆದು ನನ್ನ ಹೆಸರು ಅಲ್ಲೇ ಇದೆಯಾ ಎಂದು ನೋಡುತ್ತೇನೆ. ಇರುತ್ತದೆ. ಮನಸ್ಸಿಗೆ ಏನೋ ಸಮಾಧಾನ. ಪಕ್ಕದ ಕೋಣೆಯಲ್ಲಿ ಮಗಳು ಸ್ಟ್ರಾಬೆರಿ ಹಸುವಿನ ಹಾಲು ಕರೆಯುತ್ತಿರುತ್ತಾಳೆ. ಕರೆಯುತ್ತಿರುವವಳು ಅವಳು, ಹಾಗಾಗಿ ಹಸು ಅವಳದ್ದು. ಇಷ್ಟು ಸುಲಭದ ಲೆಕ್ಕ ಒಂದು ಸರ್ವೆ ನಂಬರಿನ ಮುಂದೆ ಬಂದಾಗ ಮಾತ್ರ ನನಗೆ ಬಿಡಿಸಲು ಬರುವುದಿಲ್ಲ.